ನಾಲ್ಕು ಪಥದ ಹೆದ್ದಾರಿಯಲ್ಲಿ ಲಾರಿಯನ್ನು ಲಾರಿ ದಾಟುವ ಕ್ರಮ

ಗಂಗಾವತಿಯಲ್ಲಿ ಅಕ್ಕಿ ಹೇರಿಕೊಂಡ ಲಾರಿಯೊಂದು ಹಿಟ್ನಾಳ ಕ್ರಾಸ್ ದಾಟಿ, ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಕುಷ್ಟಗಿಯ ಕಡೆಗೆ ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೊರಟಿದೆ, ಅದರ ಮುಂದೆ ಎಡಪಥದಲ್ಲಿ ಮತ್ತೊಂದು ಲಾರಿ 55ರಲ್ಲಿ ಸಾಗುತ್ತಿದೆ ಎಂದುಕೊಳ್ಳಿ. ಲಾರಿಗಳ ಉದ್ದ ತಲಾ 12 ಮೀಟರ್, ದಾಟುವ ಮೊದಲು ಮತ್ತು ದಾಟಿದ ಮೇಲೆ ಬಿಡುವ ಅಂತರ ತಲಾ 20 ಮೀಟರ್ ಎಂದು ಹಿಡಿದರೆ, ಹಿಂದಿನ ಲಾರಿ ಮುಂದಿನದಕ್ಕಿಂತ 64 ಮೀಟರ್ ಹೆಚ್ಚು ಕ್ರಮಿಸಬೇಕು. ವೇಗದ ವ್ಯತ್ಯಾಸ ಕೇವಲ 5 ಕಿ.ಮೀ. ಇರುವುದರಿಂದ ಇದಕ್ಕೆ ಸುಮಾರು 46 ಸೆಕೆಂಡು ಹಿಡಿಯುತ್ತದೆ. ಅಷ್ಟರಲ್ಲಿ ಲಾರಿ ಮುಕ್ಕಾಲು ಕಿಲೋಮೀಟರ್ ಓಡಿರುತ್ತದೆ, ಅಷ್ಟು ದೂರವೂ ಹಿಂದಿನವರಿಗೆ ಎರಡೂ ಪಥಗಳು ಮುಚ್ಚಿರುತ್ತವೆ.

90ರಲ್ಲಿ ಬರುತ್ತಿದ್ದ ಕಾರು ಬ್ರೇಕ್ ಹಾಕುತ್ತದೆ. ಅದರ ಕೆಂಪು ದೀಪ ಕಂಡ ಹಿಂದಿನ ಚಾಲಕ ತುಸು ಹೆಚ್ಚು, ಅವನ ಹಿಂದಿನವನು ಇನ್ನೂ ಹೆಚ್ಚು ಬ್ರೇಕ್ ಒತ್ತುತ್ತಾನೆ. ಲಾರಿಗಳು ಕಣ್ಮರೆಯಾದ ಮೇಲೂ ಈ ನಿಧಾನ ಅಲೆಯಂತೆ ಹಿಂದಕ್ಕೆ ಸರಿಯುತ್ತಿರುತ್ತದೆ. ದಟ್ಟಣೆಯ ಹೊತ್ತಿನಲ್ಲಿ ಕಾರಣವೇ ಕಾಣದ ಜಾಗದಲ್ಲಿ ವಾಹನಗಳು ನಿಂತುಬಿಡುವುದು ಹೀಗೆ.

ಆದ್ದರಿಂದ ಮುಂದಿನ ವಾಹನಕ್ಕಿಂತ ಕನಿಷ್ಠ 10 ಕಿ.ಮೀ. ಹೆಚ್ಚು ವೇಗವನ್ನು ನಿಮ್ಮ ಲಾರಿ ಸಲೀಸಾಗಿ ಹಿಡಿಯುವಂತಿದ್ದರೆ ಮಾತ್ರ ಬಲಕ್ಕೆ ಬನ್ನಿ. ಟಿಪ್ಪರ್ ಮತ್ತು ಟ್ಯಾಂಕರ್‌ಗಳ ವೇಗ ನಿಯಂತ್ರಕದ ಮಿತಿ 60, ಸಾಮಾನ್ಯ ಲಾರಿಗಳದು 80. ಹಾಗಾಗಿ ಸಂಡೂರಿನ ಅದಿರು ಟಿಪ್ಪರನ್ನು ಖಾಲಿ ಲಾರಿಯವರು ಸಮತಟ್ಟಾದ ದಾರಿಯಲ್ಲಿ 12 ಸೆಕೆಂಡಿನಲ್ಲಿ ದಾಟಬಹುದು. ಲೋಡು ಇದ್ದಾಗ ಏರಿನಲ್ಲಿ ಪ್ರಯತ್ನಿಸಲೇಬೇಡಿ. ಬಲಗನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಹಿಂದಿನಿಂದ ವೇಗವಾಗಿ ಬರುತ್ತಿರುವ ಕಾರುಗಳನ್ನು ಮೊದಲು ಹೋಗಲು ಬಿಡಿ.

ನನ್ನ ದೃಷ್ಟಿಯಲ್ಲಿ ಹೆಚ್ಚಿನ ಹೊಣೆ ಎಡಪಥದಲ್ಲಿರುವ ಚಾಲಕನದು. ದಾಟಿಸಿಕೊಳ್ಳುತ್ತಿರುವಾಗ ವೇಗ ಹೆಚ್ಚಿಸಬಾರದೆಂದು ನಿಯಮವೇ ಹೇಳುತ್ತದೆ, ಆದರೆ ಅಷ್ಟಕ್ಕೇ ನಿಲ್ಲಬಾರದು. ಪಕ್ಕದ ಲಾರಿ ತನ್ನ ಸರಿಸಮಕ್ಕೆ ಬರುವ ಮೊದಲೇ ಆಕ್ಸಿಲರೇಟರ್ ಮೇಲಿನ ಕಾಲನ್ನು ಸ್ವಲ್ಪ ಸಡಿಲಿಸಿ 55ರಿಂದ 50ಕ್ಕೆ ಇಳಿದರೆ, 46 ಸೆಕೆಂಡಿನ ಕೆಲಸ 23ಕ್ಕೆ ಮುಗಿಯುತ್ತದೆ. ಇದರಿಂದ ಅವನು ಕಳೆದುಕೊಳ್ಳುವುದು ಎರಡೇ ಸೆಕೆಂಡು. ಸೈಡ್ ಕೊಟ್ಟರೆ ಸೋತಂತೆ ಎಂದು ಭಾವಿಸುವ ಚಾಲಕರು ಈ ಲೆಕ್ಕವನ್ನು ಒಮ್ಮೆ ತಾವೇ ಮಾಡಿ ನೋಡಬೇಕು.

ನೀವು ಹಿಂದೆ ಹಾಕಿದ ಲಾರಿಯ ಎರಡೂ ಹೆಡ್‌ಲೈಟ್‌ಗಳು ನಿಮ್ಮ ಎಡಗನ್ನಡಿಯಲ್ಲಿ ಪೂರ್ತಿ ಕಂಡ ಮೇಲೆ, ಇಂಡಿಕೇಟರ್ ಹಾಕಿ ಎಡಪಥಕ್ಕೆ ಮರಳಿ. ಭತ್ತದ ಸುಗ್ಗಿಯಲ್ಲಿ ಹಿಂದೀಪವಿಲ್ಲದ ಟ್ರ್ಯಾಕ್ಟರ್‌ಗಳು ಎಡದಲ್ಲಿ ಇರುತ್ತವೆಂಬ ಭಯಕ್ಕೆ ರಾತ್ರಿಯಿಡೀ ಬಲಪಥ ಹಿಡಿಯುವವರಿದ್ದಾರೆ. ಭಯ ನಿಜವಾದದ್ದೇ, ಆದರೆ ಅದಕ್ಕೆ ವೇಗ ತಗ್ಗಿಸಿ ಎಡದಲ್ಲೇ ಹೋಗುವುದು ಸರಿಯಾದ ದಾರಿ. ದಾಟಲು ತೊಡಗಿ 20 ಸೆಕೆಂಡಾದರೂ ನಿಮ್ಮ ಕ್ಯಾಬಿನ್ ಪಕ್ಕದ ಲಾರಿಯ ಕ್ಯಾಬಿನ್‌ಗೆ ಸಮನಾಗದಿದ್ದರೆ, ಪಟ್ಟು ಹಿಡಿಯದೆ ವೇಗ ಇಳಿಸಿ ಅದರ ಹಿಂದಕ್ಕೆ ಸೇರಿಕೊಳ್ಳಿ.