ಕ್ಲೌನ್ ಮೀನಿನ ಟ್ಯಾಂಕಿಗೆ ಅನಿಮೋನ್ ತಂದಿದ್ದು: ನನ್ನ ಅನುಭವ

ಕ್ಲೌನ್ ಮೀನು ಸಾಕುವವರು ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು: ಅನಿಮೋನ್, ಅಂದರೆ ಕಲ್ಲಿಗೆ ಅಂಟಿಕೊಂಡು ಹೂವಿನಂತೆ ಅರಳುವ ಆ ಕಡಲ ಪ್ರಾಣಿ, ಯಾವಾಗ ತರೋಣ? ನನ್ನ ಉತ್ತರ ಯಾವಾಗಲೂ ಒಂದೇ. ಮೀನಿಗೋಸ್ಕರ ಅನಿಮೋನ್ ತರಬೇಡಿ. ಅನಿಮೋನನ್ನೇ ಸಾಕುವ ಆಸೆ ಇದ್ದರೆ ತನ್ನಿ.

ಕಡಲಿನಲ್ಲಿ ಕ್ಲೌನ್ ಮೀನಿಗೆ ಅನಿಮೋನ್ ಬಿಟ್ಟರೆ ಬದುಕಿಲ್ಲ. ಅದರ ಕುಟುಕುವ ಎಳೆಗಳ ನಡುವೆ ಅಡಗಿಯೇ ಅದು ದೊಡ್ಡ ಮೀನುಗಳಿಂದ ಪಾರಾಗುವುದು. ಮನೆಯ ಟ್ಯಾಂಕಿನಲ್ಲಿ ಅದನ್ನು ತಿನ್ನಲು ಬರುವವರು ಯಾರಿದ್ದಾರೆ? ಅನಿಮೋನ್ ಇಲ್ಲದೆಯೂ ಅದು ಹತ್ತು ವರ್ಷಕ್ಕಿಂತ ಜಾಸ್ತಿ ಆರಾಮಾಗಿ ಬದುಕುತ್ತದೆ, ಮೊಟ್ಟೆಯನ್ನೂ ಇಡುತ್ತದೆ. ಅನಿಮೋನ್ ಹಾಗಲ್ಲ. ಅದಕ್ಕೆ ಒಳ್ಳೆಯ ಬೆಳಕು ಬೇಕು, ಹದವಾದ ಹರಿವು ಬೇಕು, ಏರುಪೇರಿಲ್ಲದ ನೀರು ಬೇಕು. ಒಂದು ತಪ್ಪಿದರೂ ಸೊರಗುತ್ತದೆ. ಸತ್ತರೆ ಬೇಗ ಕರಗಿ ಇಡೀ ಟ್ಯಾಂಕಿನ ನೀರನ್ನು ಕೆಡಿಸುತ್ತದೆ, ಜೊತೆಗೆ ಮೀನುಗಳನ್ನೂ ಕರೆದೊಯ್ಯಬಹುದು. ಅದಕ್ಕೇ ನಾನು ತಯಾರಿ ಮಾಡಿದ್ದೆಲ್ಲ ಅನಿಮೋನಿನ ಕಡೆಯಿಂದ ಯೋಚಿಸಿ.

ನಮ್ಮದು ಬೆಂಗಳೂರಿನ ಫ್ಲ್ಯಾಟ್. ಟ್ಯಾಂಕ್ ಸುಮಾರು 250 ಲೀಟರಿನದು, ಕೆಳಗೆ ಸಂಪ್, ಅಂದರೆ ನೀರು ಇಳಿದು ಶೋಧವಾಗಿ ಮೇಲೆ ಹೋಗುವ ಇನ್ನೊಂದು ಸಣ್ಣ ಟ್ಯಾಂಕ್ ಇದೆ. ಕಲ್ಲುಗಳೆಲ್ಲ ಸೆರಾಮಿಕ್, ಹವಳದ ಕಲ್ಲು ಒಂದೂ ಇಲ್ಲ. ಅದಕ್ಕೆ ಕಾರಣವಿದೆ. ನಮ್ಮ ದೇಶದಲ್ಲಿ ಗಟ್ಟಿ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹುಲಿ ಇರುವುದೂ ಅದೇ ಪಟ್ಟಿಯಲ್ಲಿ. ವಿದೇಶದ ವಿಡಿಯೊ ನೋಡಿ ಹವಳ ತುಂಬಿದ ಟ್ಯಾಂಕ್ ಮಾಡಬೇಕು ಅಂತ ಹೊರಡುವವರು ಇದನ್ನು ಮೊದಲು ತಿಳಿದುಕೊಳ್ಳಬೇಕು. ಸತ್ತ ಹವಳದ ಕಲ್ಲನ್ನೂ ಮುಟ್ಟುವುದು ಬೇಡ. ನೀರಿನ ಹೊಲಸನ್ನು ಒಡೆಯುವ ಬ್ಯಾಕ್ಟೀರಿಯಾ ಸೆರಾಮಿಕ್ ಕಲ್ಲಿನ ತೂತುಗಳಲ್ಲೂ ಚೆನ್ನಾಗಿಯೇ ನೆಲೆಸುತ್ತದೆ. ಬೇಕಾಗಿರುವುದು ಸಮಯ, ಅಷ್ಟೇ.

ಹೊಸ ಟ್ಯಾಂಕಿನಲ್ಲಿ ಈ ಬ್ಯಾಕ್ಟೀರಿಯಾ ನೆಲೆಗೊಳ್ಳುವುದಕ್ಕೆ ಸೈಕಲ್ ಅನ್ನುತ್ತಾರೆ. ಸೈಕಲ್ ಮುಗಿದ ಕೂಡಲೇ ಅನಿಮೋನ್ ಹಾಕುವವರಿದ್ದಾರೆ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ಇನ್ನೇನು ಬೇಕು ಅಂತ ಅವರ ವಾದ. ಮೀನಿಗೆ ಅಷ್ಟು ಸಾಕು. ಹೊಸ ಟ್ಯಾಂಕಿನಲ್ಲಿ ಮಾತ್ರ ತಿಂಗಳುಗಟ್ಟಲೆ ಏನಾದರೊಂದು ಏರಿಳಿಯುತ್ತಲೇ ಇರುತ್ತದೆ. ಮೊದಲು ಕಂದು ಪಾಚಿ ಬರುತ್ತದೆ, ಅದು ಹೋಗಿ ಹಸಿರು ಬರುತ್ತದೆ. ಇವತ್ತು ಕ್ಷಾರ ಇಳಿದರೆ ನಾಳೆ ನೈಟ್ರೇಟ್ ಏರುತ್ತದೆ. ಅನಿಮೋನಿಗೆ ಆಗದಿರುವುದು ಈ ಕುಣಿತವೇ. ನಾನು ಟ್ಯಾಂಕಿಗೆ ಒಂದು ವರ್ಷ ತುಂಬುವವರೆಗೆ ಕಾದೆ. ಆರು ತಿಂಗಳಿಗೆ ಮುಂಚೆ ಹಾಕಲೇಬೇಡಿ ಅಂತ ಯಾರಿಗಾದರೂ ಹೇಳುತ್ತೇನೆ.

ನೀರಿನ ವಿಷಯದಲ್ಲಿ ಬೆಂಗಳೂರಿಗರಿಗೆ ಬೇರೆಯೇ ತಲೆನೋವಿದೆ. ಒಂದೇ ನಲ್ಲಿಯಲ್ಲಿ ಕಾವೇರಿಯೂ ಬರುತ್ತದೆ, ಬೋರ್‌ವೆಲ್ಲೂ ಬರುತ್ತದೆ, ಬೇಸಿಗೆಯಲ್ಲಿ ಟ್ಯಾಂಕರ್ ನೀರೂ ಬರುತ್ತದೆ. ಇವತ್ತಿನ ನೀರು ನಾಳೆ ಇರುವುದಿಲ್ಲ. ಹಾಗಾಗಿ ಆರ್‌ಒ ಆದ ಮೇಲೆ ಉಳಿದ ಲವಣವನ್ನೂ ಹೀರುವ ಡಿಐ ರೆಸಿನ್ ಮೂಲಕ ಹಾಯಿಸಿ, ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣ) ಮೀಟರ್ ಸೊನ್ನೆ ತೋರಿಸಿದ ನೀರಿಗೇ ನಾನು ಕಡಲುಪ್ಪು ಕಲಸುವುದು. ಅಡುಗೆಮನೆಯ ವಾಟರ್ ಪ್ಯೂರಿಫೈಯರ್ ನೀರು ಸಾಲದು. ರುಚಿಗೆ ಅಂತ ಅದರಲ್ಲಿ ಒಂದಷ್ಟು ಟಿಡಿಎಸ್ ಬಿಟ್ಟಿರುತ್ತಾರೆ.

ಅನಿಮೋನ್ ತರುವ ಹೊತ್ತಿಗೆ ನನ್ನ ಟ್ಯಾಂಕಿನಲ್ಲಿ ಸಾಂದ್ರತೆ (ಉಪ್ಪೆಷ್ಟಿದೆ ಅಂತ ಹೇಳುವ ಅಂಕಿ) 1.025, ಶಾಖ 25ರಿಂದ 26 ಡಿಗ್ರಿ, ಕ್ಷಾರ 8ರಿಂದ 9 ಡಿಕೆಎಚ್ (ಕ್ಷಾರ ಅಳೆಯುವ ಮಾನ), ನೈಟ್ರೇಟ್ 10 ಪಿಪಿಎಂ ಆಸುಪಾಸು ಇತ್ತು. ಈ ಅಂಕಿಗಳನ್ನು ಒಂದು ದಿನ ತಂದು ನಿಲ್ಲಿಸುವುದು ಕಷ್ಟವಲ್ಲ. ವಾರ ವಾರವೂ ಅಲ್ಲೇ ಇರಬೇಕು. ಪುಸ್ತಕವೊಂದರಲ್ಲಿ ಬರೆದಿಡುತ್ತಿದ್ದೆ. ಎರಡು ತಿಂಗಳು ಗೆರೆ ನೆಟ್ಟಗಿದೆ ಅಂತ ಕಂಡ ಮೇಲೇ ಅನಿಮೋನ್ ಹುಡುಕಲು ಹೊರಟೆ. ಏಪ್ರಿಲ್‌ನಲ್ಲಿ ಫ್ಯಾನ್ ಗಾಳಿಯಿಂದ ಎರಡು ಡಿಗ್ರಿ ಇಳಿಯುತ್ತದೆ ನಿಜ, ಆದರೆ ನೀರು ಜಾಸ್ತಿ ಆವಿಯಾಗಿ ಉಪ್ಪು ಗಟ್ಟಿಯಾಗುತ್ತದೆ. ಆವಿಯಾದಷ್ಟು ಸಿಹಿನೀರನ್ನು ತಾನೇ ತುಂಬಿಸುವ ಆಟೊ ಟಾಪ್ ಆಫ್ ಹಾಕಿಸಿದ್ದು ಅದಕ್ಕೇ. ಇಡೀ ಟ್ಯಾಂಕಿಗೆ ನಾನು ಮಾಡಿದ ಖರ್ಚಿನಲ್ಲಿ ಅತ್ಯಂತ ಸಾರ್ಥಕವಾದದ್ದು ಅದು.

ಇನ್ನು ಯಾವ ಅನಿಮೋನ್? ನನ್ನವು ಒಸೆಲ್ಲಾರಿಸ್ ಕ್ಲೌನ್ ಮೀನುಗಳು, ಕಿತ್ತಳೆ ಮೈಗೆ ಬಿಳಿ ಪಟ್ಟಿ ಇರುವಂಥವು. ಕಡಲಿನಲ್ಲಿ ಇವು ಮನೆ ಮಾಡುವುದು ಮ್ಯಾಗ್ನಿಫಿಕಾ ಅನಿಮೋನಿನಲ್ಲಿ ಮತ್ತು ಒಂದೆರಡು ಬಗೆಯ ಕಾರ್ಪೆಟ್ ಅನಿಮೋನ್‌ಗಳಲ್ಲಿ. ಹಾಗಂತ ಅವನ್ನು ತಂದರೆ ಕಷ್ಟ. ಮ್ಯಾಗ್ನಿಫಿಕಾ ಒಂದು ಮೀಟರ್ ಅಗಲಕ್ಕೂ ಬೆಳೆಯುತ್ತದೆ. ಕಾರ್ಪೆಟ್ ಅನಿಮೋನಿನ ಅಂಟು ಎಷ್ಟು ಜೋರು ಅಂದರೆ ತಾಗಿದ ಬೇರೆ ಮೀನನ್ನು ಹಿಡಿದು ನುಂಗಿಬಿಡುತ್ತದೆ. ನಾನು ಆರಿಸಿದ್ದು ಬಬಲ್ ಟಿಪ್. ಸುಮಾರು 30 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ, ಮನೆಯ ಟ್ಯಾಂಕಿಗೆ ಉಳಿದವಕ್ಕಿಂತ ಬೇಗ ಒಗ್ಗುತ್ತದೆ. ಒಸೆಲ್ಲಾರಿಸ್ ಕಡಲಿನಲ್ಲಿ ಇದರೊಳಗೆ ವಾಸ ಮಾಡುವುದಿಲ್ಲ. ಟ್ಯಾಂಕಿನಲ್ಲಿ ಎಷ್ಟೋ ಸಲ ಒಪ್ಪಿಕೊಳ್ಳುತ್ತದೆ, ಕೆಲವು ಸಲ ಒಪ್ಪುವುದೇ ಇಲ್ಲ. ಒಪ್ಪದಿದ್ದರೂ ಪರವಾಗಿಲ್ಲ ಅಂತ ಮನಸ್ಸು ಗಟ್ಟಿ ಮಾಡಿಕೊಂಡೇ ತಂದೆ.

ಬಬಲ್ ಟಿಪ್‌ನ ಇನ್ನೊಂದು ಒಳ್ಳೆಯ ಗುಣ, ಅದು ತಾನೇ ಎರಡಾಗಿ ಸೀಳಿಕೊಂಡು ಹೆಚ್ಚುತ್ತದೆ. ಹಾಗೆ ಯಾರದಾದರೂ ಟ್ಯಾಂಕಿನಲ್ಲಿ ಸೀಳಿ ಬೆಳೆದದ್ದು ಸಿಕ್ಕರೆ ಕಡಲಿನಿಂದ ಕಿತ್ತು ತಂದದ್ದು ಬೇಕಾಗಿಲ್ಲ. ಕಡಲಿನದ್ದು ದೋಣಿ, ಗೋಡೌನ್, ವಿಮಾನ ಎಲ್ಲ ದಾಟಿ ನಮ್ಮ ಕೈಗೆ ಬರುವಷ್ಟರಲ್ಲಿ ಅರ್ಧ ಸತ್ತಿರುತ್ತದೆ. ನನಗೆ ಸಿಕ್ಕಿದ್ದು ನಮ್ಮೂರಿನವರೇ ಒಬ್ಬರು ವರ್ಷಗಳಿಂದ ಸಾಕಿದ ಅನಿಮೋನಿನ ತುಂಡು.

ಅದಕ್ಕೆ ಮುಂಚೆ ಅಂಗಡಿಗಳಲ್ಲೂ ನೋಡಿದ್ದೆ. ಒಂದು ಕಡೆ ಹಾಲಿನಂತೆ ಬೆಳ್ಳಗಿದ್ದ ಅನಿಮೋನನ್ನು ಅಪರೂಪದ್ದು ಅಂತ ತೋರಿಸಿದರು, ಪಕ್ಕದಲ್ಲಿ ಕಡು ಹಳದಿಯದ್ದೊಂದು ಇತ್ತು. ಬೆಳ್ಳಗಿದೆ ಅಂದರೆ ಅದರ ಮೈಯೊಳಗಿನ ಪಾಚಿ ಹೊರಟುಹೋಗಿದೆ ಅಂತ. ಬೆಳಕಿನಿಂದ ಅನ್ನ ಮಾಡಿಕೊಡುವುದು ಆ ಪಾಚಿಯೇ, ಅದಿಲ್ಲದ ಅನಿಮೋನ್ ಹಸಿದಿರುತ್ತದೆ. ಗಾಢ ಹಳದಿ, ನೇರಳೆ ಬಣ್ಣದವು ಎಷ್ಟೋ ಸಲ ಬಣ್ಣ ಹಾಕಿದವು. ಆರೋಗ್ಯವಾಗಿರುವ ಬಬಲ್ ಟಿಪ್ ಸಾಮಾನ್ಯವಾಗಿ ಕಂದು, ಹಸಿರು ಅಥವಾ ಗುಲಾಬಿ ಛಾಯೆಯಲ್ಲಿರುತ್ತದೆ. ನಾನು ಮೂರು ವಿಷಯ ನೋಡಿದೆ. ಬಾಯಿ ಬಿಗಿಯಾಗಿ ಮುಚ್ಚಿರಬೇಕು, ಜೋತುಬಿದ್ದು ತೆರೆದಿರಬಾರದು. ಪಾದ ಗಾಜಿಗೋ ಕಲ್ಲಿಗೋ ಗಟ್ಟಿಯಾಗಿ ಅಂಟಿರಬೇಕು, ಎಲ್ಲೂ ಹರಿದಿರಬಾರದು. ತಿಂಡಿ ತಾಗಿಸಿದರೆ ಎಳೆಗಳು ಹಿಡಿದುಕೊಳ್ಳಬೇಕು. ಮೂರೂ ಸರಿ ಇದ್ದರೆ ಕಂದೋ ಹಸಿರೋ ಗುಲಾಬಿಯೋ, ಯಾವುದಿದ್ದರೇನು?

ತರುವುದಕ್ಕೆ ಮುಂಚೆ ಮಾಡಿದ ದೊಡ್ಡ ಕೆಲಸ ಜಾಗದ್ದು. ಅನಿಮೋನ್ ನಾವಿಟ್ಟಲ್ಲಿ ಇರುವ ಪ್ರಾಣಿಯಲ್ಲ. ಹಿಡಿಸದಿದ್ದರೆ ನಡೆದು ಹೋಗುತ್ತದೆ. ಅದು ಹುಡುಕುವುದು ಪಾದ ತೂರಿಸಲು ಆಳವಾದ ಸಂದು, ಎಳೆಗಳಿಗೆ ಬೆಳಕು. ಆ ಎರಡೂ ಒಂದೇ ಕಡೆ ಸಿಕ್ಕರೆ ಯಾಕೆ ಅಲೆಯುತ್ತದೆ, ಅಲ್ವಾ? ಉಳಿದ ಕಲ್ಲುಗಳಿಂದ ಒಂದು ಗೇಣು ದೂರದಲ್ಲಿ, ಮರಳಿನ ಮೇಲೆ, ಒಂಟಿ ಕಲ್ಲೊಂದನ್ನು ನಿಲ್ಲಿಸಿದೆ. ಅದರ ನೆತ್ತಿಯ ಹತ್ತಿರ ಎರಡು ಬೆರಳು ಅಗಲ, ನಾಲ್ಕು ಬೆರಳು ಆಳದ ಸಂದು ಬರುವಂತೆ ತುಂಡುಗಳನ್ನು ಅಂಟಿಸಿದೆ. ಗೆಳೆಯರೊಬ್ಬರ ಮೀಟರ್ ತಂದು ಅಳೆದಾಗ ಅಲ್ಲಿ ಪಾರ್ (ಪಾಚಿಗೆ ಉಪಯೋಗವಾಗುವ ಬೆಳಕಿನ ಅಳತೆ) 150ರ ಹತ್ತಿರ ಇತ್ತು. ಟ್ಯಾಂಕಿನೊಳಗೆ ನೀರನ್ನು ಓಡಾಡಿಸುವ ಫ್ಯಾನಿನಂಥ ಪಂಪ್, ಅಂದರೆ ವೇವ್ ಮೇಕರ್‌ನ ಹರಿವು ನೇರವಾಗಿ ಬಡಿಯದೆ ಗಾಜಿಗೆ ತಾಗಿ ತಿರುಗಿ ಬರುವಂತೆ ಇಟ್ಟೆ.

ವೇವ್ ಮೇಕರ್ ಅಂದಾಗ ಹೇಳಲೇಬೇಕು. ಮನೆಯ ಟ್ಯಾಂಕಿನಲ್ಲಿ ಅನಿಮೋನಿಗೆ ದೊಡ್ಡ ಶತ್ರು ಅದೇ. ರಾತ್ರಿ ಅಲೆಯುತ್ತಾ ಹೋಗಿ ಅದರ ರೆಕ್ಕೆಗೆ ಸಿಕ್ಕರೆ ಚೂರು ಚೂರಾಗುತ್ತದೆ, ಬೆಳಗಾಗುವಷ್ಟರಲ್ಲಿ ಮೀನುಗಳೂ ಸತ್ತಿರುತ್ತವೆ. ನಾನು ಸಣ್ಣ ಕಣ್ಣಿನ ನೈಲಾನ್ ಬಲೆ ಸುತ್ತಿ ಕೇಬಲ್ ಟೈ ಬಿಗಿದೆ. ವಾರಕ್ಕೊಮ್ಮೆ ಬಿಚ್ಚಿ ತೊಳೆಯುತ್ತೇನೆ, ಇಲ್ಲದಿದ್ದರೆ ಪಾಚಿ ಕಟ್ಟಿ ಹರಿವು ಕಡಿಮೆಯಾಗುತ್ತದೆ. ಸಂಪಿಗೆ ಇಳಿಯುವ ಓವರ್‌ಫ್ಲೋ ಬಾಯಿಗೂ ಜಾಲರಿ ಇರಲಿ. ಕರೆಂಟ್ ಹೋದರೂ ವೇವ್ ಮೇಕರ್ ಓಡುವಂತೆ ಇನ್ವರ್ಟರ್ ಲೈನಿಗೆ ಹಾಕಿದ್ದೇನೆ.

ತಂದ ದಿನ ಟ್ಯಾಂಕಿನ ಲೈಟ್ ಹಾಕಲಿಲ್ಲ. ಚೀಲವನ್ನು ಇಪ್ಪತ್ತು ನಿಮಿಷ ನೀರಿನ ಮೇಲೆ ತೇಲಿಬಿಟ್ಟೆ. ಆಮೇಲೆ ಬಕೆಟ್ಟಿಗೆ ಸುರಿದು, ಏರ್ ಪಂಪಿನ ಸಣ್ಣ ಪೈಪಿಗೆ ಗಂಟು ಹಾಕಿ, ಟ್ಯಾಂಕಿನ ನೀರು ಸೆಕೆಂಡಿಗೆ ಎರಡು ಮೂರು ಹನಿಯಂತೆ ಬೀಳುವ ಹಾಗೆ ಬಿಟ್ಟೆ. ಒಂದು ಗಂಟೆ ಹೀಗೆ. ಬಕೆಟ್ಟಿನ ಸಾಂದ್ರತೆಯೂ ಟ್ಯಾಂಕಿನದ್ದೂ ಒಂದೇ ಆದ ಮೇಲೆ ನೈಟ್ರೈಲ್ ಗ್ಲೌಸ್ ಹಾಕಿಕೊಂಡು ಎತ್ತಿದೆ. ಬಕೆಟ್ಟಿನ ನೀರನ್ನು ಟ್ಯಾಂಕಿಗೆ ಸೇರಿಸಲಿಲ್ಲ. ಯಾರ ಟ್ಯಾಂಕಿನಲ್ಲಿ ಯಾವ ಔಷಧಿ ಬಿದ್ದಿದೆಯೋ ಹೇಳಲಾಗದು. ತಾಮ್ರದ ಔಷಧಿಯಂತೂ ಅನಿಮೋನಿಗೆ ವಿಷ. ನಮ್ಮ ಮೀನಿಗೆ ಔಷಧಿ ಮಾಡಬೇಕಾಗಿ ಬಂದರೂ ಬೇರೆ ಟ್ಯಾಂಕಿನಲ್ಲೇ ಮಾಡಬೇಕು.

ಪಂಪುಗಳನ್ನೆಲ್ಲ ನಿಲ್ಲಿಸಿ ಅನಿಮೋನಿನ ಪಾದವನ್ನು ಸಂದಿನ ಬಾಯಿಗೆ ತಾಗಿಸಿ ಹಿಡಿದೆ. ಆಗ ಅದು ಮುದುಡಿದ ಚೀಲದಂತಿತ್ತು. ಮೊದಲು ಪಾದದ ಒಂದು ಅಂಚು ಮಾತ್ರ ಕಲ್ಲಿಗೆ ಹತ್ತಿತು. ಆ ಅಂಚು ನಿಧಾನವಾಗಿ ಹರಡಿ ತೆಳುವಾಯಿತು, ಅದರ ಹಿಂದೆಯೇ ಉಳಿದ ಭಾಗ ಒಳಕ್ಕೆ ಎಳೆದುಕೊಂಡಿತು. ಕೈ ಬಿಟ್ಟರೂ ಬೀಳುವುದಿಲ್ಲ ಅನ್ನಿಸುವವರೆಗೆ ಬಿಡಲಿಲ್ಲ. ಆಮೇಲೆ ಅದರ ಸುತ್ತ ತೂತುಗಳಿರುವ ಪ್ಲಾಸ್ಟಿಕ್ ಬುಟ್ಟಿಯೊಂದನ್ನು ಕವುಚಿ ಹಾಕಿದೆ. ಹರಿವು ಒಳಗೆ ಹೋಗುತ್ತದೆ, ಅನಿಮೋನ್ ಹೊರಗೆ ಅಲೆಯುವುದಿಲ್ಲ, ಮೀನು ಹೋಗಿ ಕೆಣಕುವುದಿಲ್ಲ. ಕೊನೆಯದು ಬಹಳ ಮುಖ್ಯ. ಕ್ಲೌನ್ ಹೆಣ್ಣು ದೊಡ್ಡದು, ಒರಟು. ಇನ್ನೂ ಊರಿರದ ಸಣ್ಣ ಅನಿಮೋನಿಗೆ ಅದರ ಗುದ್ದಾಟ ತಡೆಯುವುದಿಲ್ಲ.

ಮೊದಲ ದಿನಗಳಲ್ಲಿ ಅನಿಮೋನ್ ದಿನಕ್ಕೊಂದು ರೂಪ ತೋರಿಸುತ್ತದೆ. ಬೆಳಗ್ಗೆ ಅಂಗೈಯಷ್ಟು ಅರಳಿದ್ದು ಸಂಜೆಗೆ ಕುಗ್ಗಿ ನೆಲ್ಲಿಕಾಯಿಯಷ್ಟಾಗಿರುತ್ತದೆ. ಬಾಯಿಂದ ಕಂದು ಬಣ್ಣದ ದಾರದಂಥ ಲೋಳೆ ಬಿಡುತ್ತದೆ. ಹೊಸಬರಿಗೆ ಗಾಬರಿಯಾಗುವುದು ಸಹಜ. ಅದು ಹಳೆ ನೀರು, ಹೊಲಸು, ಜಾಸ್ತಿಯಾದ ಪಾಚಿಯನ್ನು ಹೊರಹಾಕುವ ರೀತಿ. ಮತ್ತೆ ಅರಳುತ್ತಿದ್ದರೆ ಸುಮ್ನೆ ಬಿಡಿ. ದಿನವಿಡೀ ಬಾಯಿ ತೆರೆದುಕೊಂಡೇ ಇದ್ದರೆ, ಮೈ ಕರಗಿದಂತಾಗಿ ಕೊಳೆತ ವಾಸನೆ ಬಂದರೆ, ಆಗ ತಡಮಾಡದೆ ತೆಗೆಯಬೇಕು. ಬೆಳಕನ್ನು ನಾನು ಅರ್ಧಕ್ಕಿಂತ ಸ್ವಲ್ಪ ಮೇಲಿಟ್ಟು ಶುರುಮಾಡಿ, ವಾರವಾರ ಏರಿಸುತ್ತಾ ಹಳೆಯ ಮಟ್ಟಕ್ಕೆ ತಂದೆ. ಪಾದ ಸಂದಿನೊಳಗೆ ಪೂರ್ತಿ ಇಳಿದ ಮೇಲೆ ಬುಟ್ಟಿ ತೆಗೆದೆ. ಎಲ್ಲೂ ಹೋಗಲಿಲ್ಲ.

ನನ್ನ ಮೀನುಗಳು ಹ್ಯಾಚರಿಯಲ್ಲಿ ಹುಟ್ಟಿದವು. ಕ್ಲೌನ್ ಮರಿಗಳನ್ನು ಹ್ಯಾಚರಿಯಲ್ಲೇ ಮಾಡಿಸುವ ವಿಧಾನವನ್ನು ನಮ್ಮ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯೂ ರೂಪಿಸಿದೆ. ಇಂಥ ಮೀನುಗಳೇ ಇರುವಾಗ ಕಡಲಿನದ್ದನ್ನು ಹಿಡಿದು ತರುವ ಅಗತ್ಯವಿಲ್ಲ ಅನ್ನುವುದು ನನ್ನ ಗಟ್ಟಿ ನಂಬಿಕೆ. ಆದರೆ ಈ ಮೀನುಗಳು ಹುಟ್ಟಿದಾಗಿನಿಂದ ಅನಿಮೋನನ್ನೇ ಕಂಡಿರುವುದಿಲ್ಲ. ಬುಟ್ಟಿ ತೆಗೆದ ಮೇಲೂ ಅವು ಬಹಳ ದಿನ ಟ್ಯಾಂಕಿನ ಮೂಲೆಯಲ್ಲಿದ್ದ ತಮ್ಮ ಹಳೆ ಜಾಗದಲ್ಲೇ ಮಲಗಿದವು. ಬಲೆಯಿಂದ ಓಡಿಸಿ ಅನಿಮೋನಿಗೆ ದೂಡುವವರಿದ್ದಾರೆ. ಅದರಿಂದ ಮೀನು ಹೆದರುತ್ತದೆ, ಅನಿಮೋನ್ ಮುದುಡುತ್ತದೆ, ಬೇರೆ ಪ್ರಯೋಜನ ಇಲ್ಲ. ನಾನು ಮಾಡಿದ್ದು ಒಂದೇ: ಮೀನಿನ ಊಟವನ್ನು ಅನಿಮೋನ್ ಇದ್ದ ಕಲ್ಲಿನ ಮೇಲ್ಗಡೆ ಹಾಕತೊಡಗಿದೆ.

ಮೊದಲು ಹೋದದ್ದು ಹೆಣ್ಣು. ಹಿಮ್ಮುಖವಾಗಿ ಹತ್ತಿರ ಸರಿದು ಬಾಲದ ತುದಿಯನ್ನು ಒಂದು ಎಳೆಗೆ ತಾಗಿಸಿ ಚಂಗನೆ ಹಾರಿ ಬಂತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೋಯಿತು. ಈ ಸಲ ಹೊಟ್ಟೆಯ ರೆಕ್ಕೆ ತಾಗಿಸಿತು. ಎಳೆ ಮೈಗೆ ಅಂಟಿ ಕಿತ್ತುಕೊಂಡದ್ದು ಗಾಜಿನ ಈಚೆಗೂ ಕಾಣುತ್ತಿತ್ತು. ಒಂದು ಎಳೆಯ ತುದಿಯನ್ನು ಬಾಯಲ್ಲಿ ಮೆಲ್ಲಗೆ ಕಚ್ಚಿ ಬಿಟ್ಟಿತು. ಮರುದಿನಕ್ಕೆ ಹೆಚ್ಚು ಹೊತ್ತು ನಿಂತಿತು, ಆಮೇಲೆ ಪಕ್ಕೆ ಪೂರ್ತಿ ಉಜ್ಜತೊಡಗಿತು. ಕ್ಲೌನ್ ಮೀನಿನ ಮೈಲೋಳೆ ಕುಟುಕು ಕಣಗಳನ್ನು ಸಿಡಿಸದಂಥದ್ದು, ಆದರೂ ಹೊಸ ಅನಿಮೋನಿಗೆ ಹೀಗೆ ಸ್ವಲ್ಪ ಸ್ವಲ್ಪವಾಗಿ ಒಗ್ಗಿಕೊಳ್ಳುತ್ತದೆ. ಗಂಡು ಮಾತ್ರ ಹೊರಗೇ ಉಳಿಯಿತು. ಹತ್ತಿರ ಬಂದರೆ ಹೆಣ್ಣು ಅಟ್ಟುತ್ತಿತ್ತು. ಅದು ಮೈ ಅದುರಿಸಿ ತಗ್ಗಿ ನಡೆದು, ಕೊನೆಗೆ ಅಂಚಿನಲ್ಲಿ ಜಾಗ ಪಡೆಯಿತು.

ಒಂದೇ ವಿಷಯ ಬದಲಾಯಿತು. ಈಗ ಆ ಕಲ್ಲಿನ ಹತ್ತಿರ ಕೈ ಹಾಕಿದರೆ ಹೆಣ್ಣು ಬಂದು ಕಚ್ಚುತ್ತದೆ. ಗಾಜು ಉಜ್ಜಲು ಉದ್ದ ಹಿಡಿಯ ಮ್ಯಾಗ್ನೆಟ್ ಬ್ರಷ್ ತಂದುಕೊಂಡೆ.

ಊಟ ವಾರಕ್ಕೊಮ್ಮೆ ಸಾಕು. ಉಪ್ಪು, ಅರಿಶಿನ ಏನೂ ತಾಗದ ಹಸಿ ಸೀಗಡಿಯನ್ನು ಸುಲಿದು, ತೊಳೆದು, ಬಟಾಣಿ ಕಾಳಿಗಿಂತ ಸಣ್ಣಗೆ ಕತ್ತರಿಸಿ, ಇಕ್ಕಳದಲ್ಲಿ ಎಳೆಗಳ ಮೇಲೆ ಇಡುತ್ತೇನೆ. ದೊಡ್ಡ ತುಂಡು ಕೊಟ್ಟರೆ ನುಂಗಿ, ಅರಗದೆ ಮರುದಿನ ಕಕ್ಕುತ್ತದೆ, ನೀರೂ ಹೊಲಸಾಗುತ್ತದೆ. ಮೀನುಗಳಿಗೆ ಮೊದಲು ಹೊಟ್ಟೆ ತುಂಬಿಸಬೇಕು. ಇಲ್ಲದಿದ್ದರೆ ಅನಿಮೋನಿನ ಬಾಯಿಂದಲೇ ಕಿತ್ತುಕೊಳ್ಳುತ್ತವೆ. ಹೊಟ್ಟೆ ತುಂಬಿದ ಹೆಣ್ಣು ಮಿಕ್ಕ ತುಂಡನ್ನು ತಾನೇ ತಂದು ಎಳೆಗಳ ನಡುವೆ ತುರುಕುವುದನ್ನೂ ನೋಡಿದ್ದೇನೆ.

ಈಗ ನನ್ನ ಅನಿಮೋನೂ ಸೀಳಿ ಎರಡಾಗಿದೆ. ಹೊಸದು ಪಕ್ಕದ ಕಲ್ಲಿಗೆ ಹೋಗಿ ಕೂತಿದೆ. ಕೇಳುವವರಿದ್ದಾರೆ, ಕೊಡುತ್ತೇನೆ. ಆದರೆ ಮೊದಲು ಎರಡು ತಿಂಗಳ ಟೆಸ್ಟ್ ಅಂಕಿಗಳನ್ನು ಕೇಳುತ್ತೇನೆ, ವೇವ್ ಮೇಕರ್‌ಗೆ ಬಲೆ ಸುತ್ತಿದ ಫೋಟೊ ಕೇಳುತ್ತೇನೆ. ಬಿಡಿಸುವಾಗ ಎಳೆಯುವುದಿಲ್ಲ, ಪಾದ ಹರಿದರೆ ಸೋಂಕು ತಗಲುತ್ತದೆ. ಕಲ್ಲು ಸಣ್ಣದಿದ್ದರೆ ಕಲ್ಲಿನ ಸಮೇತ ಕೊಡುವುದೇ ಒಳ್ಳೆಯದು. ಆಗದಿದ್ದರೆ ಕಲ್ಲನ್ನು ಬಕೆಟ್ಟಿಗೆ ತಂದು, ಸಣ್ಣ ಪಂಪಿನ ಹರಿವನ್ನು ಪಾದಕ್ಕೆ ಹಾಯಿಸುತ್ತಾ ಕಾಯಬೇಕು. ಹರಿವು ಸಹಿಸದೆ ಅದು ತಾನೇ ಬಿಡುತ್ತದೆ, ಕೆಲವು ಸಲ ಅರ್ಧ ದಿನ ಹಿಡಿಯುತ್ತದೆ.