ಲೋಕಲ್ ಹತ್ತಲಾಗದವರ ಜೊತೆ ನಿಲ್ಲುವುದು ಹೇಗೆ?

2006ರ ಜುಲೈ 11ರ ಸಂಜೆ ಮುಂಬಯಿಯ ಪಶ್ಚಿಮ ರೈಲ್ವೆಯ ಲೋಕಲ್ ರೈಲುಗಳಲ್ಲಿ ಸುಮಾರು 11 ನಿಮಿಷಗಳೊಳಗೆ 7 ಬಾಂಬುಗಳು ಸಿಡಿದವು. ಮರುದಿನವೇ ರೈಲುಗಳು ಓಡಿದವೆಂದು ಈ ನಗರವನ್ನು ಇಂದಿಗೂ ಕೊಂಡಾಡುತ್ತಾರೆ. ಈ ಹೊಗಳಿಕೆಯೇ, ಅಂಥದ್ದನ್ನು ಕಂಡ ಮೇಲೆ ಮತ್ತೆ ರೈಲು ಹತ್ತಲಾಗದವರಿಗೆ ನಾಚಿಕೆಯ ಹೊರೆಯಾಗಿಬಿಡುತ್ತದೆ. ಬಾಂಬೇ ಆಗಬೇಕೆಂದಿಲ್ಲ, ಬಾಗಿಲಲ್ಲಿ ನೇತಾಡುತ್ತಿದ್ದ ಸಹಪ್ರಯಾಣಿಕ ಕಣ್ಣೆದುರೇ ಹಳಿಗೆ ಬಿದ್ದದ್ದನ್ನು ನೋಡಿದರೂ ಸಾಕು.

ನಿದ್ದೆ ಕೆಡುವುದು, ಬೆಚ್ಚಿಬೀಳುವುದು, ಸುಮ್ಮನೆ ರೇಗುವುದು ಮೊದಲ ಕೆಲವು ವಾರಗಳಲ್ಲಿ ಸಹಜ, ಹೆಚ್ಚಿನವರಲ್ಲಿ ತಾನಾಗಿಯೇ ಇಳಿಯುತ್ತದೆ. ಆ ದೃಶ್ಯ ಕಣ್ಣ ಮುಂದೆ ಮರಳುವುದು, ಅದನ್ನು ನೆನಪಿಸುವ ಜಾಗ ಮತ್ತು ಮಾತುಗಳನ್ನು ತಪ್ಪಿಸುವುದು, ಮನಸ್ಸು ಮರಗಟ್ಟಿದಂತಾಗುವುದು, ಸದಾ ಅಪಾಯವನ್ನು ಕಾಯುತ್ತಿರುವುದು ಒಂದು ತಿಂಗಳು ದಾಟಿಯೂ ಉಳಿದು ದಿನದ ಕೆಲಸವನ್ನು ಕೆಡಿಸುತ್ತಿದ್ದರೆ, ವೈದ್ಯರು ಪಿಟಿಎಸ್‌ಡಿ ಎಂದು ಕರೆಯುವ ಆಘಾತೋತ್ತರ ಒತ್ತಡ ಇರಬಹುದು, ಮನೋವೈದ್ಯರನ್ನು ಕಾಣಬೇಕು.

ಮನೆಯವರು ಮೊದಲು ಬಿಡಬೇಕಾದದ್ದು ಒತ್ತಾಯವನ್ನು. "ಏನಾಯಿತು, ಪೂರ್ತಿ ಹೇಳು" ಎಂದು ಕೆದಕುವುದೂ, ಊರಿನಿಂದ ಫೋನ್ ಮಾಡಿ "ಅದನ್ನೆಲ್ಲ ಮರೆತುಬಿಡು" ಎನ್ನುವುದೂ ನೋಯಿಸುತ್ತವೆ. ಹೇಳಿದಾಗ ಕೇಳಿ, ಹೇಳದಿದ್ದರೆ ಪಕ್ಕದಲ್ಲಿ ಕುಳಿತಿರಿ. ಡೊಂಬಿವಲಿಯ ನನ್ನ ಬಂಧುವೊಬ್ಬರು ಕುಕ್ಕರ್ ಕೂಗಿದರೂ ನಡುಗುತ್ತಿದ್ದರು. ಅವರ ಹೆಂಡತಿ ಪ್ರತಿದಿನ ಅಡುಗೆಮನೆಯಿಂದ "ಕುಕ್ಕರ್ ಇಟ್ಟಿದ್ದೇನೆ ರೀ, ಈಗ ಕೂಗುತ್ತೆ" ಎಂದು ಮುಂಚೆಯೇ ಹೇಳತೊಡಗಿದರು. ನಾನು ಕಂಡ ಆರೈಕೆಗಳಲ್ಲಿ ಇದಕ್ಕಿಂತ ಜಾಣತನದ್ದು ಇನ್ನೊಂದಿಲ್ಲ.

ನೆನಪು ಒತ್ತರಿಸಿ ಬಂದು ನೊಂದವರು ಮತ್ತೆ ಆ ಘಟನೆಯ ನಡುವೆಯೇ ಇದ್ದಂತೆ ವರ್ತಿಸಿದರೆ ಹಿಂದಿನಿಂದ ಹೋಗಿ ಹಿಡಿಯಬೇಡಿ. ಎದುರಿಗೆ ಬಂದು, ಹೆಸರು ಹಿಡಿದು ಕರೆದು, "ಇವತ್ತು ಮಂಗಳವಾರ, ನಾವು ಮನೆಯಲ್ಲಿದ್ದೇವೆ" ಎಂದು ಮೆಲ್ಲಗೆ ಹೇಳಿ. ಪಾದಗಳನ್ನು ನೆಲಕ್ಕೆ ಒತ್ತಲು, ಕಾಣುವ ಐದು ವಸ್ತುಗಳನ್ನು ಹೆಸರಿಸಲು, ಉಸಿರನ್ನು ನಿಧಾನವಾಗಿ ಹೊರಬಿಡಲು ನೆರವಾಗಿ.

ರೈಲಿಗೆ ಮರಳುವುದು ಆಪ್ತಸಲಹೆಗಾರರ ಮಾರ್ಗದರ್ಶನದಲ್ಲಿ, ನೊಂದವರದೇ ವೇಗದಲ್ಲಿ ಆಗಲಿ. ಜನ ಕಡಿಮೆಯಿರುವ ಭಾನುವಾರ ಮಧ್ಯಾಹ್ನ ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕುಳಿತು ಬರುವ ಹೋಗುವ ಗಾಡಿಗಳನ್ನು ನೋಡುವುದೇ ಮೊದಲ ದಿನದ ಕೆಲಸ. ಹಲವು ದಿನ ಹೀಗೆ ಕಳೆದ ಬಳಿಕ ಎಲ್ಲ ನಿಲ್ದಾಣಗಳಲ್ಲೂ ನಿಲ್ಲುವ ಸ್ಲೋ ಗಾಡಿಯಲ್ಲಿ ಒಂದೇ ಒಂದು ನಿಲ್ದಾಣ, ಡೊಂಬಿವಲಿಯಿಂದ ಠಾಕುರ್ಲಿಯವರೆಗೆ. ಭಯ ಏರಿದಾಗಲೇ ಓಡಿಬಂದರೆ ಓಡಿದ್ದರಿಂದಲೇ ಬದುಕಿದೆನೆಂದು ಮನಸ್ಸು ನಂಬಿಬಿಡುತ್ತದೆ. ಸಾಧ್ಯವಾದಷ್ಟು ಹೊತ್ತು ಅಲ್ಲೇ ಇದ್ದರೆ ಭಯ ತಾನಾಗಿ ಇಳಿಯುವುದು ಅನುಭವಕ್ಕೆ ಬರುತ್ತದೆ.

ಆಘಾತವನ್ನೇ ಕೇಂದ್ರವಾಗಿಟ್ಟುಕೊಂಡ ಮಾತಿನ ಚಿಕಿತ್ಸೆ ಮತ್ತು ಇಎಂಡಿಆರ್ (ನೋವಿನ ನೆನಪನ್ನು ಮನಸ್ಸಿಗೆ ತಂದುಕೊಳ್ಳುತ್ತಲೇ ಕಣ್ಣುಗಳನ್ನು ಅತ್ತಿತ್ತ ಆಡಿಸುವ ಚಿಕಿತ್ಸೆ) ಇದಕ್ಕೆ ಪರಿಣಾಮಕಾರಿ. ಅಗತ್ಯವಿದ್ದರೆ ವೈದ್ಯರು ಸರ್ಟ್ರಲೀನ್‌ನಂಥ ಔಷಧ ಕೊಡುತ್ತಾರೆ. ನಿದ್ದೆಗೆಂದು ಮದ್ಯವನ್ನಾಗಲಿ, ಚೀಟಿಯಿಲ್ಲದೆ ತಂದ ಮಾತ್ರೆಗಳನ್ನಾಗಲಿ ಆಶ್ರಯಿಸಬಾರದು. ಪರೇಲಿನ ಕೆಇಎಂ, ಸಯನ್, ನಾಯರ್ ಆಸ್ಪತ್ರೆಗಳಲ್ಲಿ ಮನೋರೋಗ ವಿಭಾಗಗಳಿವೆ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತ. ಅಲ್ಲಿ ಆರಿಸಿಕೊಳ್ಳಬಹುದಾದ ಭಾಷೆಗಳಲ್ಲಿ ಕನ್ನಡವೂ ಇದೆ. ಕಚೇರಿಯಲ್ಲಿ ಸಲೀಸಾಗಿ ಮರಾಠಿ, ಹಿಂದಿ ಆಡುವವರಿಗೂ ದುಃಖ ತಾಯಿಯ ಮಾತಿನಲ್ಲೇ ಬರುವುದರಿಂದ, ಭಾಷೆಯನ್ನು ಸಂಕೋಚವಿಲ್ಲದೆ ಕೇಳಿಕೊಳ್ಳಿ. ಸಾಯುವ ಮಾತು ಬಂದರೆ ಅವರನ್ನು ಒಂಟಿಯಾಗಿ ಬಿಡದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ನೋಡಿಕೊಳ್ಳುವವರೂ ನಿದ್ದೆಗೆಡುತ್ತಾರೆ. ವಾರಕ್ಕೆ ಎರಡು ರಾತ್ರಿಯಾದರೂ ಮೈದುನನೋ ಅತ್ತಿಗೆಯೋ ಬಂದು ಉಳಿದು, ಅವರು ಬೇರೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗುವಂತಾಗಲಿ.