ಹತ್ತರಲ್ಲಿ ಒಂದು ಬೇರೆಯದಿತ್ತು

ನಮ್ಮ ಉಪ್ಪುನೀರಿನ ಟ್ಯಾಂಕಿಗೆ ಸೀಗಡಿಯ ಚೂರು ಹಾಕಿದರೆ ಅರ್ಧ ನಿಮಿಷದಲ್ಲಿ ಮರಳು ಅಲ್ಲಲ್ಲಿ ಉಬ್ಬುತ್ತದೆ. ಮೊದಲು ತೆಳ್ಳನೆಯ ಸೊಂಡಿಲು, ಆಮೇಲೆ ಚಿಪ್ಪು. ನಸ್ಸೇರಿಯಸ್ ಜಾತಿಯ ಬಸವನಹುಳುಗಳು ಇವು. ಕಣ್ಣಿಗಿಂತ ವಾಸನೆಯನ್ನೇ ನಂಬಿ ಬದುಕುವವು. ಮೀನು ತಿಂದು ಬಿಟ್ಟದ್ದು, ಸತ್ತದ್ದು, ಕೊಳೆಯುವುದು ಇವಕ್ಕೆ ಊಟ. ಪಾಚಿ ತಿನ್ನುತ್ತವೆ ಅಂದುಕೊಂಡು ತಂದರೆ ಮೋಸ ಹೋದ ಹಾಗೆ.

ಮೂರು ವರ್ಷದ ಹಿಂದೆ ಬೆಂಗಳೂರಿನ ಅಂಗಡಿಯೊಂದರಿಂದ ಹತ್ತು ತಂದಿದ್ದೆ. ಕುಂದಾಪುರದಿಂದ ಬಂದಿದ್ದ ಅಮ್ಮ, "ಎಂತ ಮಗಾ, ಹೊಯ್ಗಿಯಂಗೆ ಬಿದ್ಕಂಡಿಪ್ಪು ಹುಳಕ್ ದುಡ್ಡ್ ಕೊಟ್ಯಾ?" ಅಂದರು. ಒಂಬತ್ತು ತಕ್ಷಣ ಮರಳಿಗೆ ಇಳಿದವು. ಹತ್ತನೆಯದು ಬಂಡೆಯ ಮೇಲೆ ಹತ್ತಿ ಕೂತಿತು. ಅದೊಂದು ಸೋಮಾರಿ ಅಂದುಕೊಂಡೆ.

ಮುಂದಿನ ವಾರಗಳಲ್ಲಿ ಪಾಚಿ ತಿನ್ನಲು ಸಾಕಿದ್ದ ಟರ್ಬೊ ಬಸವನಹುಳುಗಳು ಒಂದೊಂದಾಗಿ ಖಾಲಿ ಚಿಪ್ಪಾದವು. ಒಳಗೆ ತೊಳೆದಿಟ್ಟ ಹಾಗೆ ಚೊಕ್ಕ. ಸನ್ಯಾಸಿ ಏಡಿಯ ಮೇಲೆ ಗುಮಾನಿ ಬಂದು ಅದನ್ನು ಸಂಪಿಗೆ, ಅಂದರೆ ಟ್ಯಾಂಕಿನ ಕೆಳಗಿರುವ ಫಿಲ್ಟರಿನ ತೊಟ್ಟಿಗೆ, ಗಡೀಪಾರು ಮಾಡಿದೆ. ಸಾವು ನಿಲ್ಲಲಿಲ್ಲ. ಒಂದು ರಾತ್ರಿ ಟಾರ್ಚಿಗೆ ಕೆಂಪು ಹಾಳೆ ಸುತ್ತಿ ನೋಡಿದರೆ, ಆ ಹತ್ತನೆಯದು ಟರ್ಬೊವನ್ನು ಪಾದದಿಂದ ಅವುಚಿಕೊಂಡು ಚಿಪ್ಪಿನ ಬಾಯೊಳಗೆ ತನ್ನ ಮೂತಿ ತೂರಿಸಿತ್ತು. ಅದು ವೆಲ್ಕ್, ಬೇಟೆಗಾರ. ಏಡಿಯನ್ನು ಮೇಲಕ್ಕೆ ಕರೆತಂದೆ, ವೆಲ್ಕ್ ಸಂಪಿಗೆ ಹೋಯಿತು.

ನಸ್ಸೇರಿಯಸ್‌ಗೂ ವೆಲ್ಕ್‌ಗೂ ಸೊಂಡಿಲಿದೆ, ಅಲ್ಲೇ ನಾನು ಎಡವಿದ್ದು. ಈಗ ಹುಳುವನ್ನು ಗಾಜಿನ ಮೇಲೆ ಹತ್ತಿಸಿ ಪಾದದ ಹಿಂತುದಿ ನೋಡುತ್ತೇನೆ. ನಸ್ಸೇರಿಯಸ್‌ಗೆ ಅಲ್ಲಿ ಎರಡು ಪುಟ್ಟ ಬಾಲಗಳಿರುತ್ತವೆ. ಅದೇ ಹೆಸರಿನಲ್ಲಿ ಮಾರುವ ಅಮೆರಿಕದ ಕೆಸರು ಬಸವನಹುಳು, ಇಲ್ಯಾನಸ್ಸಾಗೆ, ಆ ಬಾಲಗಳಿಲ್ಲ. ಅದು ತಂಪು ನೀರಿನದು, ನಮ್ಮ 26 ಡಿಗ್ರಿಯ ಟ್ಯಾಂಕಿಗೆ ಸಲ್ಲದು. ಮಗುಚಿ ಹಾಕಿದರೆ ನಸ್ಸೇರಿಯಸ್ ಪಾದ ಒದ್ದು, ತಿರುಚಿಕೊಂಡು ತಾನೇ ನೆಟ್ಟಗಾಗುತ್ತದೆ. ಟರ್ಬೊ ಎಷ್ಟೋ ಸಲ ಮಗುಚಿದಲ್ಲೇ ಸಾಯುತ್ತದೆ. ಹೊಸದನ್ನು ಒಂದು ವಾರ ಬೇರೆ ಡಬ್ಬಿಯಲ್ಲಿಟ್ಟು, ಸೀಗಡಿ ಚೂರಿಗೆ ಓಡಿ ಬರುತ್ತದೆಯೇ ನೋಡಿಯೇ ಟ್ಯಾಂಕಿಗೆ ಬಿಡುವುದು.

ಸಮುದ್ರದಿಂದಲೇ ಹೆಕ್ಕಿ ತರಬಾರದೇ ಎಂದು ಊರಿನ ಗೆಳೆಯರು ಕೇಳುತ್ತಾರೆ. ಬೇಡ. ಮರಳಿನಿಂದ ಸೊಂಡಿಲು ಚಾಚುವವರಲ್ಲಿ ಕೋನ್ ಬಸವನಹುಳುವೂ ಇದೆ. ಐಸ್‌ಕ್ರೀಮ್ ಕೋನಿನಂಥ ಚಿಪ್ಪು, ಉದ್ದಕ್ಕೆ ಕಿರಿದಾದ ಬಾಯಿ. ಅದರ ವಿಷದ ಮುಳ್ಳು ಚುಚ್ಚಿ ಮನುಷ್ಯರು ಸತ್ತದ್ದಿದೆ.

ಸಾಕುವುದರಲ್ಲಿ ನನ್ನ ದೊಡ್ಡ ತಪ್ಪು ಶುಚಿತ್ವ. ಸುಮಾರು 190 ಲೀಟರಿನ ಟ್ಯಾಂಕು, ಇರುವುದು ಎರಡೇ ಕ್ಲೌನ್ ಮೀನು. ಉಳಿದ ಚೂರನ್ನೂ ಪೈಪಿನಿಂದ ಎಳೆದು ತೆಗೆಯುತ್ತಿದ್ದೆ. ಒಂಬತ್ತು ಆರಾದವು. ಕಸ ಗುಡಿಸಲು ತಂದವರಿಗೆ ಕಸವನ್ನೇ ಬಿಡದಿದ್ದರೆ ಹೇಗೆ! ಈಗ ವಾರಕ್ಕೆರಡು ಸಲ, ಉಪ್ಪು ಖಾರ ತಾಗದ ಹಸಿ ಸೀಗಡಿ, ಉಗುರಿನಷ್ಟು. ಮರಳನ್ನೂ ಬದಲಿಸಿದೆ. ಹವಳದ ದಪ್ಪ ಚೂರಿನಲ್ಲಿ ಹೂತುಕೊಳ್ಳಲಾಗದೆ ಒದ್ದಾಡುತ್ತಿದ್ದವು, ಈಗ ಎರಡಂಗುಲ ನಯವಾದ ಮರಳಿದೆ.

ನೀರಿನ ಉಪ್ಪನ್ನು ತೋರಿಸುವ ಸಾಪೇಕ್ಷ ಸಾಂದ್ರತೆ 1.025. ಬೇಸಿಗೆಯಲ್ಲಿ ನೀರು ಆರಿದರೆ ಉಪ್ಪು ಉಳಿದು ಏರುತ್ತದೆ, ಹಾಗಾಗಿ ದಿನವೂ ಆರ್‌ಒ ನೀರು ತುಂಬಿಸುತ್ತೇನೆ. ಹೊಸ ಹುಳುವಿಗೆ ಟ್ಯಾಂಕಿನ ನೀರನ್ನು ಸಣ್ಣ ಕೊಳವೆಯಿಂದ ಒಂದು ಗಂಟೆಗೂ ಹೆಚ್ಚು ಹೊತ್ತು ಹನಿಹನಿಯಾಗಿ ಬಿಡಬೇಕು. ಮೀನಿಗೆ ತಾಮ್ರದ ಔಷಧಿ ಹಾಕುವುದಿದ್ದರೆ ಬೇರೆ ಪಾತ್ರೆಯಲ್ಲೇ. ತಾಮ್ರ ಬಸವನಹುಳುವಿಗೆ ವಿಷ.

ಈಚೆಗೆ ಗಾಜಿನ ಮೇಲೆ ಸಾಲಾಗಿ ಮೊಟ್ಟೆಯ ಚೀಲಗಳು ಅಂಟಿವೆ. ಮರಿಗಳು ತೇಲಾಡುವ ವಯಸ್ಸಿನಲ್ಲೇ ಪಂಪು, ಫಿಲ್ಟರಿನ ಪಾಲಾಗುತ್ತವೆ. ನಮ್ಮಲ್ಲಿ ಇದುವರೆಗೆ ಒಂದೂ ಉಳಿದಿಲ್ಲ. ಆದರೂ ಗಾಜು ಒರೆಸುವಾಗ ಆ ಮೂಲೆಯನ್ನು ಬಿಟ್ಟು ಒರೆಸುತ್ತೇನೆ.